ಪಿತ್ತಲವಣದ ಪುಡಿ: ಮಾಲು ಒಳ್ಳೆಯದು, ಮುಚ್ಚಳ ಸಾಲದು

ಹಂದಿಯ ಪಿತ್ತರಸದಿಂದ ತೆಗೆದ ಈ ಪುಡಿ, ಹಾಲೊಡಕಿನ ಪ್ರೋಟೀನ್ ಜೆಲ್ ಹೇಗೆ ಜೀರ್ಣವಾಗುತ್ತದೆಂದು ಪ್ರಯೋಗಾಲಯದಲ್ಲಿ, ಮೊದಲು ಜಠರ ಆಮೇಲೆ ಕರುಳು ಎಂದು ಹಂತಹಂತವಾಗಿ ಅನುಕರಿಸಿ ಪರೀಕ್ಷಿಸಲು ಚೆನ್ನಾಗಿಯೇ ಇದೆ. ಗ್ರಾಂ ಲೆಕ್ಕ ಮಾತ್ರ ನಂಬಬೇಡಿ. ಡಬ್ಬಿಯಿಂದ ಡಬ್ಬಿಗೆ ಪಿತ್ತಲವಣದ ಅಂಶ ಬೇರೆಯಾಗಬಹುದು. ಅದನ್ನು ಅಳೆದು, ಕರುಳಿನ ಹಂತದ ಮಿಶ್ರಣದಲ್ಲಿ 10 ಮಿಲಿಮೋಲಾರ್ (ಒಂದು ಲೀಟರಿನಲ್ಲಿ ಎಷ್ಟು ಅಣು ಎಂಬ ಲೆಕ್ಕ) ಬರುವಂತೆ ಬೆರೆಸಿ. ಜಠರದ ಹಂತದ ಹುಳಿ ದ್ರವದ ಪಿಎಚ್ (ಆಮ್ಲೀಯತೆಯ ಅಳತೆ) ಅನ್ನು 3ರಿಂದ 7ಕ್ಕೆ ಏರಿಸದೆ ಅದಕ್ಕೆ ಪುಡಿ ಸುರಿದರೆ ಒಂದಷ್ಟು ಲವಣ ಬೆಳ್ಳಗೆ ಗಸಿಯಾಗಿ ತಳ ಸೇರುತ್ತದೆ.

ಲವಣ ಪ್ರೋಟೀನಿಗೆ ಅಂಟಿ ಅದರ ಸರಪಳಿಯ ಮಡಿಕೆಗಳನ್ನು ಸಡಿಲಿಸುವುದರಿಂದ ಪ್ರೋಟೀನ್ ಕತ್ತರಿಸುವ ಕಿಣ್ವ ಟ್ರಿಪ್ಸಿನ್‌ಗೆ ಕೆಲಸ ಮಾಡಲು ಜಾಗ ಸಿಗುತ್ತದೆ. ಆದರೆ ಗಟ್ಟಿ ಜೆಲ್‌ನೊಳಗೆ ಕಿಣ್ವ ಇಳಿಯುವುದೇ ನಿಧಾನ. ತುಂಡುಗಳು ಒಂದೇ ಗಾತ್ರದಲ್ಲಿರದಿದ್ದರೆ ಹೋಲಿಕೆ ವ್ಯರ್ಥ.

ಮುಚ್ಚಳ ಸಡಿಲ. ಹಾಸನದ ಜುಲೈ ತೇವಕ್ಕೆ ಪುಡಿ ಹಳೇ ಬೆಲ್ಲದಂತೆ ಅಂಟುತ್ತದೆ, ತೂಕವೂ ತಪ್ಪುತ್ತದೆ. ಸಿಲಿಕಾ ಪೊಟ್ಟಣ ನೀವೇ ಹಾಕಿಕೊಳ್ಳಿ.