ಟೆರೇಸಿಗೆ 130/900 ದೂರದರ್ಶಕ: ಕನ್ನಡಿಗೆ ಹೂಂ, ಸ್ಟ್ಯಾಂಡಿಗೆ ಊಹೂಂ

ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲಿಳಿದ 2023ರ ಆಗಸ್ಟ್ 23ರ ನಂತರ ಪುಣೆ, ಡೊಂಬಿವಲಿಯ ಸೊಸೈಟಿ ಟೆರೇಸಿನಲ್ಲಿ ದೂರದರ್ಶಕ ಹೂಡಿದರೆ ಊರಿಂದ ಬಂದ ಅಜ್ಜಿ "ವಿಕ್ರಮ್ ಕಾಣ್ತದಾ?" ಅಂತಾರೆ, ಸೆಕ್ರೆಟರಿ "ವಿಕ್ರಮ್ ದಿಸ್ತೋ ಕಾ?" ಅಂತಾರೆ. ಇಬ್ಬರಿಗೂ ಉತ್ತರ ಇಲ್ಲ ಎಂದೇ. 130/900 ಎಂದರೆ 130 ಮಿ.ಮೀ. ಅಗಲದ ಕನ್ನಡಿ, 900 ಮಿ.ಮೀ. ನಾಭಿದೂರ. ಈ ಕನ್ನಡಿ ಚಂದ್ರನ ಮೇಲೆ ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ಅಂತರ ಸುಮಾರು 1.7 ಕಿ.ಮೀ.; ಲ್ಯಾಂಡರ್ ಇರುವುದು 2 ಮೀಟರ್ ಆಸುಪಾಸು. ಆದರೆ ಅದು ಇಳಿದ ಜಾಗದ ಪಕ್ಕದ ಮಾಂಜಿನಸ್ ಕುಳಿ ಸಲೀಸಾಗಿ ಸಿಗುತ್ತದೆ. ಶುಕ್ಲ ಷಷ್ಠಿ, ಸಪ್ತಮಿಯಂದು ನೋಡಿ, ನೆರಳು ಉದ್ದ ಬಿದ್ದಿರುತ್ತದೆ. ಹುಣ್ಣಿಮೆಯಲ್ಲಿ ಎಲ್ಲ ಚಪ್ಪಟೆ. ಬಿಂಬ ತಲೆಕೆಳಗಾಗಿರುವುದರಿಂದ ದಕ್ಷಿಣ ಧ್ರುವವನ್ನು ಮೇಲೆ ಹುಡುಕಬೇಕು.

ಜೊತೆಗೆ ಬರುವ 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) 36 ಪಟ್ಟು, 10 ಮಿ.ಮೀ. 90 ಪಟ್ಟು ದೊಡ್ಡದು ಮಾಡುತ್ತವೆ. ಇವೆರಡೇ ಸಾಕು. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಮೆರೆಯುವ 270 ಪಟ್ಟು 3ಎಕ್ಸ್ ಬಾರ್ಲೋದ (ಐಪೀಸಿನ ವರ್ಧನೆಯನ್ನು ಮೂರು ಪಟ್ಟು ಮಾಡುವ ಮಸೂರ) ಕೃಪೆ. ಅಷ್ಟಕ್ಕೇರಿಸಿದರೆ ಗುರು ಗ್ರಹ ನೀರಲ್ಲಿ ಅದ್ದಿದ ಹಪ್ಪಳದಂತೆ ಕಾಣುತ್ತದೆ.

ನಿಜವಾದ ತಲೆನೋವು ಇಕ್ವಟೋರಿಯಲ್ ಸ್ಟ್ಯಾಂಡ್, ಅಂದರೆ ಒಂದು ಅಕ್ಷವನ್ನು ಧ್ರುವ ನಕ್ಷತ್ರದತ್ತ ಗುರಿಯಿಟ್ಟು ಆಕಾಶದ ತಿರುಗುವಿಕೆಯನ್ನು ಹಿಂಬಾಲಿಸುವ ಸ್ಟ್ಯಾಂಡ್. ಧ್ರುವ ಅಕ್ಷವನ್ನು ಪುಣೆಗೆ 18.5, ಮುಂಬೈಗೆ 19 ಡಿಗ್ರಿಗೆ ಇಳಿಸಬೇಕು. ಅಷ್ಟು ಕೆಳಗಿಳಿದಾಗ ತೂಕದ ಗುಂಡು ಕೆಳಕ್ಕೆ ಬರುವಂತೆ ಕೊಳವೆ ತಿರುಗಿದರೆ ಗುಂಡಿನ ಸರಳು ಉತ್ತರದ ಕಾಲಿಗೆ ಬಡಿಯುತ್ತದೆ. ಕೈಪಿಡಿಗಳು ಒಂದು ಕಾಲು ಉತ್ತರಕ್ಕಿರಲಿ ಎನ್ನುವುದು ಮೇಲಿನ ಅಕ್ಷಾಂಶದವರಿಗೆ. ಇಲ್ಲಿ ಒಂದು ಕಾಲು ದಕ್ಷಿಣಕ್ಕೆ, ಉಳಿದೆರಡರ ನಡುವಿನ ಸಂದು ಉತ್ತರಕ್ಕೆ ಬರಲಿ. ಧ್ರುವ ನಕ್ಷತ್ರ ಇಷ್ಟು ತಗ್ಗಿನಲ್ಲಿರುವುದರಿಂದ ಪಕ್ಕದ ಟವರ್ ಅದನ್ನು ನುಂಗಿರುತ್ತದೆ. ಮೊಬೈಲ್ ದಿಕ್ಸೂಚಿಯೇ ಗತಿ. ಕಬ್ಬಿಣದ ಸ್ಟ್ಯಾಂಡಿನ ಹತ್ತಿರ ಅದೂ ಸುಳ್ಳು ಹೇಳುತ್ತದೆ, ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಇದೇ ಕನ್ನಡಿ ಡಾಬ್ಸೋನಿಯನ್ ಪೀಠದ (ಮೇಲೆ-ಕೆಳಗೆ, ಅತ್ತ-ಇತ್ತ ಸುಮ್ಮನೆ ತಿರುಗುವ ಸರಳ ಪೀಠ) ಮೇಲೆ ಸಿಕ್ಕರೆ ಕಣ್ಣುಮುಚ್ಚಿ ಅದನ್ನೇ ಕೊಳ್ಳಿ.

ಬಾಹ್ಯಾಕಾಶ ನಿಲ್ದಾಣ ಹಿಡಿಯಲಂತೂ ಇಕ್ವಟೋರಿಯಲ್ ದಂಡ. ನೆತ್ತಿಯ ಮೇಲೆ ಅದು ಸೆಕೆಂಡಿಗೆ ಸುಮಾರು 1 ಡಿಗ್ರಿ ಓಡುತ್ತದೆ, 36 ಪಟ್ಟಿನ ನೋಟದ ಅಗಲ ಒಂದೂವರೆ ಡಿಗ್ರಿಯೂ ಇಲ್ಲ. ಎರಡೂ ಅಕ್ಷಗಳ ಕ್ಲಚ್ ಸಡಿಲಿಸಿ, ಫೈಂಡರಿನಲ್ಲಿ (ಕೊಳವೆಯ ಮೇಲಿನ ಗುರಿ ಹಿಡಿಯುವ ಪುಟ್ಟ ಸಾಧನ) ಅದರ ದಾರಿಗೆ ಮುಂದೆ ಕಾದು, ಕೊಳವೆಯನ್ನು ಕೈಯಲ್ಲೇ ತಳ್ಳುತ್ತಾ ಹೋಗಬೇಕು. ಫೋಕಸ್ ಮೊದಲೇ ಯಾವುದಾದರೂ ನಕ್ಷತ್ರಕ್ಕೆ ಕೂಡಿಸಿಟ್ಟಿರಲಿ. ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಆ ನಿಲ್ದಾಣದಲ್ಲಿದ್ದದ್ದು 2025ರ ಜೂನ್ 26ರಿಂದ ಜುಲೈ 14ರವರೆಗೆ, ನಮ್ಮ ಕಡೆ ಮಳೆ ಹೊಯ್ಯುವ ಕಾಲ. ಕೈಬೀಸಲು ಟೆರೇಸ್ ಹತ್ತಿದವರಿಗೆ ಹೆಚ್ಚಾಗಿ ಮೋಡವೇ ಗಿಟ್ಟಿತು.

ಎಸಿ ಕೋಣೆಯಿಂದ ನೇರ ಮುಂಬೈ ಟೆರೇಸಿಗೆ ಒಯ್ದರೆ ಕನ್ನಡಿ ಬೆವರುತ್ತದೆ. ಒರೆಸಬೇಡಿ, ಅಲ್ಯೂಮಿನಿಯಂ ಲೇಪ ಗೀಚಿಹೋಗುತ್ತದೆ. ಮುಚ್ಚಳ ಹಾಕಿಯೇ ಅರ್ಧ ಗಂಟೆ ಹೊರಗಿಟ್ಟು ಹೊಂದಿಕೊಳ್ಳಲು ಬಿಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಇಲ್ಲದೆ ಇಟ್ಟರೆ ಬೂಸಲು ಹಿಡಿಯುತ್ತದೆ.

ರಿಕ್ಷಾದಲ್ಲೋ ಲೋಕಲ್ಲಿನಲ್ಲೋ ಸಾಗಿಸಿದ ಮೇಲೆ ಕನ್ನಡಿಯ ಜೋಡಣೆ ಕದಲಿರುತ್ತದೆ. ಪ್ರಕಾಶಮಾನ ನಕ್ಷತ್ರವೊಂದನ್ನು 90 ಪಟ್ಟಿನಲ್ಲಿ ಬೇಕೆಂದೇ ಮಸುಕು ಮಾಡಿ: ಉಂಗುರಗಳು ಒಂದು ಬದಿಗೆ ಒತ್ತಿಕೊಂಡಿದ್ದರೆ ಹಿಂಬದಿಯ ಮೂರು ಸ್ಕ್ರೂಗಳನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತಾ ಸರಿಪಡಿಸಿ, ಪ್ರತಿ ಸಲ ನಕ್ಷತ್ರವನ್ನು ನೋಟದ ನಡುವಿಗೆ ತಂದುಕೊಳ್ಳಿ. ನೀಹಾರಿಕೆ ನೋಡುವ ಆಸೆಯಿದ್ದರೆ ನಗರದ ಬೆಳಕು ಬಿಟ್ಟು ಕರ್ಜತ್ ಲೋಕಲ್ ಹಿಡಿದು ವಾಂಗಣಿ ಕಡೆ ಹೊರಡುವುದೇ ವಾಸಿ.