ಪಿಕಪ್ ಮೇಲಿನ ಟೆಂಟ್: ಮೂರು ಕೊಯ್ಲು, ಮೂರು ಮಳೆಗಾಲದ ಬಳಕೆಯ ನಂತರ

ವಾಹನದ ಮೇಲೆ ಕೂರಿಸುವ ಟೆಂಟನ್ನು ಕೊಡಗಿನಲ್ಲಿ ಬಳಸಬೇಕೆಂದಿರುವವರು, ಒದ್ದೆಯಾದ ಟೆಂಟನ್ನು ಎಲ್ಲಿ ಬಿಚ್ಚಿ ಒಣಗಿಸುವುದು ಎಂಬುದನ್ನು ಹಣ ಕೊಡುವ ಮೊದಲೇ ಯೋಚಿಸಬೇಕು. 2022ರ ನವೆಂಬರಿನಲ್ಲಿ ನನ್ನ ಇಸುಜು ವಿ-ಕ್ರಾಸ್ ಪಿಕಪ್‌ಗೆ ಟೆಂಟ್ ಹಾಕಿಸಿದಾಗ ನಾನು ಅದನ್ನು ಯೋಚಿಸಿರಲಿಲ್ಲ. ವಿರಾಜಪೇಟೆಯ ಹತ್ತಿರ ನಮ್ಮದೊಂದು ಸಣ್ಣ ರೋಬಸ್ಟಾ ಕಾಫಿ ತೋಟವಿದೆ. ಅದರ ಕೊಯ್ಲು ಮುಗಿದ ಮೇಲೆ ಹೆಂಡತಿಯೊಡನೆ ನಾಲ್ಕಾರು ದಿನ ಊರೂರು ತಿರುಗಬೇಕು ಎಂಬ ಆಸೆಯಿಂದ ಕೊಂಡ ವಸ್ತು ಇದು.

ಆಯ್ಕೆಯ ವಿಷಯಕ್ಕೆ ಬರುವುದಾದರೆ, ಗಟ್ಟಿ ಚಿಪ್ಪಿನ ಟೆಂಟ್ ಒಂದೇ ನಿಮಿಷದಲ್ಲಿ ತೆರೆದುಕೊಳ್ಳುತ್ತದೆ, ಮುಚ್ಚುವುದೂ ಸುಲಭ. ಆದರೆ ಅದರ ಬೆಲೆ ನನ್ನ ಕೈಗೆ ನಿಲುಕುವಂತಿರಲಿಲ್ಲ. ಮಡಚುವ ಬಟ್ಟೆಯ ಟೆಂಟಿಗೆ 85,000 ರೂಪಾಯಿ, ಅದನ್ನು ಹೊರುವ ಕಬ್ಬಿಣದ ರ್‍ಯಾಕಿಗೆ 22,000 ರೂಪಾಯಿ ಕೊಟ್ಟೆ. ಕ್ಯಾಬಿನ್ನಿನ ಮೇಲೆ ಕೂರಿಸುವ ಬದಲು ಹಿಂದಿನ ತೊಟ್ಟಿಯ ಮೇಲೆ ರ್‍ಯಾಕ್ ನಿಲ್ಲಿಸಿದ್ದಕ್ಕೆ ಕಾರಣವಿದೆ. ನಿಂತಿರುವಾಗ ಛಾವಣಿ ಎಷ್ಟು ಭಾರ ಹೊರುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಆದರೆ ಲೆಕ್ಕಕ್ಕೆ ಬರುವುದು ಓಡುವಾಗಿನ ಮಿತಿ, ಅದು ಅದಕ್ಕಿಂತ ಬಹಳ ಕಡಿಮೆ. ನಮ್ಮ ಘಾಟಿಯ ತಿರುವುಗಳಲ್ಲಿ 58 ಕಿಲೋ ತೂಕದ ಪೆಟ್ಟಿಗೆ ತಲೆಯ ಮೇಲೆ ಓಲಾಡುವುದು ಸ್ಟೀರಿಂಗಿನಲ್ಲೇ ಗೊತ್ತಾಗುತ್ತದೆ. ಇನ್ನೂ ತಗ್ಗಿನಲ್ಲಿ ಕೂರಿಸಿದ್ದರೆ ವಾಹನ ಮತ್ತಷ್ಟು ಸ್ಥಿರವಾಗಿರುತ್ತಿತ್ತು, ಆದರೆ ಆಗ ಕೆಳಗೆ ಕಾಫಿ ಮೂಟೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಕ್ಯಾಬಿನ್ನಿನ ಎತ್ತರಕ್ಕೇ ನಿಲ್ಲಿಸಿ, ಎಲ್ಲಿಯೂ ಬೆಸುಗೆ ಹಾಕಿಸದೆ, ಕಳಚಿ ಇಡಲು ಬರುವಂತೆ ಬೋಲ್ಟಿನಲ್ಲೇ ಬಿಗಿಸಿದ್ದೇನೆ. ಈಗ ವಾಹನದ ಒಟ್ಟು ಎತ್ತರ ಏಳೂಕಾಲು ಅಡಿಯಾಗಿದೆ. ತೋಟದ ದಾರಿಯಲ್ಲಿ ತಗ್ಗಿಗೆ ಬಾಗಿದ ಕೊಂಬೆ ಯಾವುದು ಎಂಬುದು ಮೊದಲ ವಾರವೇ ನೆನಪಿನಲ್ಲಿ ಉಳಿಯುತ್ತದೆ.

ಮೊದಲ ವರ್ಷ ನನಗೆ ಟೆಂಟಿನ ಮೇಲೆ ಯಾವ ದೂರೂ ಇರಲಿಲ್ಲ. ಕೊಂಡ ಹೊಸತರಲ್ಲಿ ಹೊಲಿಗೆಯ ಸಾಲಿನಲ್ಲಿ ನೀರು ಜಿನುಗಿತು. ಎರಡು ಬಾರಿ ಪೈಪಿನಲ್ಲಿ ನೀರು ಹೊಡೆದು ಪೂರ್ತಿ ಒಣಗಿಸಿದ ಮೇಲೆ ಹತ್ತಿ ಬೆರೆತ ಬಟ್ಟೆಯ ನೂಲು ಉಬ್ಬಿ, ಸೂಜಿಯ ತೂತುಗಳು ಮುಚ್ಚಿಕೊಂಡವು. 2023ರಲ್ಲಿ ಮಳೆಯೇ ಸರಿಯಾಗಿ ಬರಲಿಲ್ಲ. ಟೆಂಟು ಶೆಡ್ಡಿನಲ್ಲಿ ವಾಹನದ ಮೇಲೆಯೇ ಇತ್ತು, ಒಳಗೆ ಬೆಚ್ಚಗೆ ಒಣಗಿಕೊಂಡೇ ಇತ್ತು. ಆ ವರ್ಷ ಕಂಡದ್ದೇ ಕೊಡಗಿನ ಮಳೆಗಾಲ ಎಂದು ನಂಬಿದ್ದು ನನ್ನ ತಪ್ಪು.

2024ರ ಆಗಸ್ಟ್ 3, ಕಕ್ಕಡ ಪದಿನೆಟ್ಟ್, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಅಂದು ಔಷಧಿಯೆಂದು ಮಾಡುವ ಮದ್ದುಸೊಪ್ಪಿನ ಪಾಯಸಕ್ಕೆಂದು ಭಾಗಮಂಡಲದ ಕಡೆಯ ನೆಂಟರ ಮನೆಗೆ ಹೋಗಿದ್ದೆವು. ಮನೆ ತುಂಬಾ ಜನರಿದ್ದುದರಿಂದ ನಾವಿಬ್ಬರೂ ಅಂಗಳದಲ್ಲಿ ಟೆಂಟು ಬಿಚ್ಚಿ ಮಲಗಿದೆವು. ರಾತ್ರಿಯಿಡೀ ಸುರಿದರೂ ಮೇಲಿನಿಂದ ಒಂದು ಹನಿಯೂ ಒಳಗೆ ಬರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಬೆಳಿಗ್ಗೆ ಮಳೆಯಲ್ಲೇ ಮಡಚಿ, ಕವರಿನ ಜಿಪ್ ಎಳೆದು, ನಾಳೆ ಬಿಸಿಲು ಬಂದಾಗ ಒಣಗಿಸಿದರಾಯಿತು ಎಂದುಕೊಂಡು ಹೊರಟೆವು. ಆ ನಾಳೆ ಬಂದದ್ದು ಒಂಬತ್ತು ದಿನಗಳ ನಂತರ. ಕವರು ತೆರೆದಾಗ ಹಳೆಯ ಗೋಣಿಚೀಲದ ವಾಸನೆ ಮುಖಕ್ಕೆ ಹೊಡೆಯಿತು. ಮಡಿಕೆಗಳ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು, ಹಾಸಿಗೆಯ ತಳದಲ್ಲಿ ಬಿಳಿಯ ಬೂಸ್ಟು. ಬ್ಲೀಚ್ ಹಾಕಿದರೆ ಬಟ್ಟೆಗೆ ನೀರು ತಡೆಯುವ ಗುಣ ಹೋಗುತ್ತದೆ ಎಂದು ವಿನೆಗರ್ ಬೆರೆಸಿದ ನೀರಿನಲ್ಲಿ ಎರಡು ದಿನ ಉಜ್ಜಿದೆವು. ವಾಸನೆ ಹೋಯಿತು, ಚುಕ್ಕೆಗಳು ಇಂದಿಗೂ ಇವೆ. ಎಲ್ಲ ಹವಾಮಾನಕ್ಕೂ ಒಗ್ಗುತ್ತದೆ ಎಂದು ಮಾರಿದವರು, ಫೋನು ಮಾಡಿದಾಗ, ಒಣಗಿಸುವುದು ಗಿರಾಕಿಯ ಜವಾಬ್ದಾರಿ ಎಂದರು. ಮಾತು ಸರಿಯೇ. ಅದನ್ನು ಮಾರುವ ದಿನ ಹೇಳಬೇಕಿತ್ತು ಎಂಬ ಬೇಸರ ಮಾತ್ರ ನನ್ನಲ್ಲಿ ಇನ್ನೂ ಇದೆ.

ತಳದ ಬೂಸ್ಟಿಗೆ ಮಳೆಯೊಂದೇ ಕಾರಣವಾಗಿರಲಿಲ್ಲ. ಇಬ್ಬರ ಉಸಿರಿನ ಹಬೆ, ಮೈಯ ಬೆವರಿನ ಹಬೆ ಎರಡೂ ರಾತ್ರಿಯಿಡೀ ಹಾಸಿಗೆಯ ಮೂಲಕ ಕೆಳಗಿಳಿದು, ತಣ್ಣಗಿರುವ ತಳದ ಹಲಗೆಗೆ ತಾಗಿ ನೀರಾಗುತ್ತವೆ. ಹಾಸಿಗೆಗೂ ಹಲಗೆಗೂ ನಡುವೆ ಗಾಳಿಯಾಡಲು ಜಾಗವಿಲ್ಲದಿದ್ದರೆ ಆ ನೀರು ಅಲ್ಲಿಯೇ ಕೂರುತ್ತದೆ. ಇದಕ್ಕೆಂದೇ ಮಾರುವ ಜಾಲರಿ ಹಾಸಿನ ಬೆಲೆ ಕೇಳಿ ಬಿಟ್ಟು, ಗೋಣಿಕೊಪ್ಪದ ಸಂತೆಯಿಂದ ದಪ್ಪ ತೆಂಗಿನ ನಾರಿನ ಚಾಪೆ ತಂದು ಅಳತೆಗೆ ಕತ್ತರಿಸಿ ಹಾಸಿದೆ. ಎಷ್ಟೇ ಚಳಿಯಿದ್ದರೂ ಎದುರುಬದುರಿನ ಕಿಟಕಿಗಳನ್ನು ನಾಲ್ಕು ಬೆರಳಿನಷ್ಟು ತೆರೆದಿಡುತ್ತೇವೆ. ಬೆಳಿಗ್ಗೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕಾಫಿ ಕುಡಿದು ಬಂದ ಮೇಲೆಯೇ ಮಡಚುವುದು. ಆ ಅರ್ಧ ಗಂಟೆಯನ್ನು ಉಳಿಸಲು ಹೋದ ದಿನವೆಲ್ಲ ಕೈಗೆ ತೇವ ಸಿಕ್ಕಿದೆ. ಮೇ ಕೊನೆಯಲ್ಲಿ ನಾಲ್ವರು ಸೇರಿ ಟೆಂಟನ್ನು ಇಳಿಸಿ, ಗೋದಾಮಿನಲ್ಲಿ ನೆಲದಿಂದ ಎರಡಡಿ ಎತ್ತರದ ಅಟ್ಟಣೆಯ ಮೇಲೆ, ಕವರು ತೆಗೆದು ಇಡುತ್ತೇವೆ. ನಾಲ್ಕು ತಿಂಗಳು ಅದನ್ನು ಮರೆಯುವುದೇ ಸರಿ. ಮಳೆಗಾಲದ ಪ್ರವಾಸಕ್ಕೆಂದು ಇದನ್ನು ಕೊಳ್ಳುವವರಿಗೆ, ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಇಷ್ಟಾದರೂ ನಾನು ಅದನ್ನು ಮಾರಲಿಲ್ಲ. ಅದಕ್ಕೆ ಕಾರಣ ನಮ್ಮ ಕಾಫಿ ಕಣ.

ಜನವರಿಯಿಂದ ಮಾರ್ಚಿಯವರೆಗೆ ಕೊಯ್ದ ಚೆರಿ, ಅಂದರೆ ಕಾಫಿ ಹಣ್ಣು, ಕಣದಲ್ಲಿ ಹನ್ನೆರಡು, ಹದಿನೈದು ದಿನ ಒಣಗಬೇಕು. ಹಗಲು ಹರಡಿ ಕೈಯಾಡಿಸುತ್ತಿರುವುದು, ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಟಾರ್ಪಾಲು ಹೊದಿಸುವುದು. ಮನೆ ಕಣದಿಂದ ಅರ್ಧ ಕಿಲೋಮೀಟರು ದೂರ. ಕಾವಲಿಗೆ ತಗಡಿನ ಗೂಡೊಂದಿತ್ತು, ಅದರಲ್ಲಿ ತೋಟದ ಕೆಲಸ ನೋಡಿಕೊಳ್ಳುವ ರೈಟರೂ ನಾನೂ ಸರದಿಯಲ್ಲಿ ಮಲಗುತ್ತಿದ್ದೆವು, ನಿದ್ದೆ ಯಾರಿಗೂ ಬರುತ್ತಿರಲಿಲ್ಲ. ಎರಡನೆಯ ಕೊಯ್ಲಿಗೆ ಪಿಕಪ್ಪನ್ನೇ ಕಣದ ಅಂಚಿಗೆ ತಂದು ನಿಲ್ಲಿಸಿದೆ. ಕಣ ಕಣ್ಣಿಗೆ ಸಮತಟ್ಟಾಗಿ ಕಂಡರೂ ನೀರು ಹರಿಯಲೆಂದು ಒಂದು ಕಡೆಗೆ ವಾಲಿರುತ್ತದೆ ಎಂಬುದು ಮಲಗಿದ ಮೊದಲ ರಾತ್ರಿಯೇ ತಿಳಿಯಿತು. ಬೆಳಗಾಗುವಷ್ಟರಲ್ಲಿ ನಾನು ಟೆಂಟಿನ ಮೂಲೆಗೆ ಜಾರಿದ್ದೆ. ಈಗ ತಗ್ಗಿನ ಕಡೆಯ ಎರಡು ಗಾಲಿಗಳ ಅಡಿಗೆ ಸಿಲ್ವರ್ ಓಕ್ ಹಲಗೆಯ ತುಂಡು ಹಾಕಿಯೇ ನಿಲ್ಲಿಸುತ್ತೇನೆ.

ಸಂಜೆಯ ಕ್ರಮ ಈಗ ಕೈಗೆ ಅಭ್ಯಾಸವಾಗಿದೆ. ಪಟ್ಟಿ ಬಿಚ್ಚಿ ಕವರು ಕಳಚುವುದು, ಏಣಿಯನ್ನು ಎಳೆದು ಅದನ್ನೇ ಸನ್ನೆಕೋಲು ಮಾಡಿಕೊಂಡು ಅರ್ಧ ಹಲಗೆಯನ್ನು ಆಚೆ ಮಗುಚುವುದು, ಬಟ್ಟೆ ಬಿಗಿಯಾಗುವ ಸದ್ದು ಕೇಳಿ ಏಣಿಯ ಕಾಲು ನೆಲಕ್ಕೆ ಊರುವುದು, ಕೊನೆಗೆ ಕಿಟಕಿಯ ಮಾಡುಗಳಿಗೆ ಸ್ಪ್ರಿಂಗ್ ಕಡ್ಡಿ ಸಿಕ್ಕಿಸುವುದು. ಏಣಿಯ ಬುಡದಲ್ಲಿ ಕಾಲು ಒರೆಸಲು ಒಂದು ಗೋಣಿ, ಚಪ್ಪಲಿಗೆ ಮೆಟ್ಟಿಲಿಗೆ ನೇತುಹಾಕಿದ ಒಂದು ಚೀಲ, ಟಾರ್ಚು ತಲೆಯ ಎಡಗಡೆ. ಆರಡಿ ಎತ್ತರದಲ್ಲಿ ಮಲಗಿ ಬಾಗಿಲು ಸರಿಸಿದರೆ ಇಡೀ ಕಣ, ಅದರಾಚೆ ಬೇಲಿ, ಮಂಜು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ.

2024ರ ಜನವರಿಯ ಮೊದಲ ವಾರದಲ್ಲಿ ಅಕಾಲಿಕ ಮಳೆ ಬಂತು. ಅಂದು ಸೆಖೆ ಹೋಗಲೆಂದು ಎರಡು ರಾಶಿಗಳನ್ನು ಅರ್ಧ ತೆರೆದೇ ಬಿಟ್ಟಿದ್ದೆವು. ಟೆಂಟಿನ ಮೇಲಿನ ಹೊದಿಕೆ ಕಿವಿಯಿಂದ ಎರಡಡಿ ದೂರದಲ್ಲಿರುತ್ತದೆ, ಅದರ ಮೇಲೆ ಬಿದ್ದ ಮೊದಲ ನಾಲ್ಕು ಹನಿಗಳಿಗೇ ಎಚ್ಚರವಾಯಿತು. ಏಣಿ ಇಳಿದು, ರೈಟರನ್ನು ಕೂಗಿ, ಟಾರ್ಪಾಲು ಎಳೆದು ಅಂಚಿಗೆ ಕಲ್ಲು ಹೇರುವಷ್ಟರಲ್ಲಿ ಮಳೆ ಬಿರುಸಾಯಿತು. "ನೀವು ಎದ್ದದ್ದು ಒಳ್ಳೇದಾಯ್ತು ಸಾವುಕಾರ್ರೇ, ನಂಗೆ ಸದ್ದೇ ಕೇಳ್ಲಿಲ್ಲ" ಎಂದರು ಅವರು. ಹನಿಯ ಸದ್ದಿಗೆ ನಿದ್ದೆ ಕೆಡುತ್ತದೆ ಎಂದು ಈ ಟೆಂಟುಗಳ ಬಗ್ಗೆ ಅನೇಕರು ದೂರುವುದನ್ನು ಓದಿದ್ದೇನೆ. ಆ ರಾತ್ರಿ ನನ್ನ ಎಂಟು ಮೂಟೆ ಚೆರಿ ಉಳಿದದ್ದು ಅದೇ ಸದ್ದಿನಿಂದ.

ಒಂದು ಎಚ್ಚರಿಕೆ ಮಾತ್ರ ಬಿಡುವಂತಿಲ್ಲ. ಎತ್ತರದಲ್ಲಿರುವುದರಿಂದ ಜಿಗಣೆ, ಹಾವಿನ ಭಯ ಕಡಿಮೆ ಎಂಬುದು ನಿಜ. ಆದರೆ ಆನೆ ಓಡಾಡುವ ತೋಟಗಳಲ್ಲಿ ಈ ಟೆಂಟ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ದೊಡ್ಡ ಗಂಡಾನೆಯ ಭುಜವೇ ಒಂಬತ್ತು ಅಡಿ ಎತ್ತರವಿರುತ್ತದೆ. ಆನೆ ಓಡಾಡುವ ಸಿದ್ದಾಪುರದ ಕಡೆಯ ಗೆಳೆಯರೊಬ್ಬರು ಇಂಥದ್ದನ್ನೇ ಕೊಳ್ಳಬಹುದೇ ಎಂದು ಕೇಳಿದಾಗ, ರಾತ್ರಿ ಅದರಲ್ಲಿ ಮಲಗುವುದಾದರೆ ಬೇಡ ಎಂದೆ. ನಮ್ಮ ಕಣಕ್ಕೆ ಬೇಲಿಯಿದೆ, ಸುತ್ತ ಮನೆಗಳಿವೆ, ಆನೆ ಬಂದ ಸುದ್ದಿ ಇದ್ದ ವಾರ ನಾನೂ ಮನೆಯಲ್ಲೇ ಮಲಗುತ್ತೇನೆ.

ಪ್ರವಾಸಕ್ಕೆಂದು ಕೊಂಡ ಟೆಂಟು ಮೂರು ವರ್ಷದಲ್ಲಿ ಪ್ರವಾಸ ಕಂಡದ್ದು ಹನ್ನೊಂದು ರಾತ್ರಿ, ಕಣದಲ್ಲಿ ಕಳೆದದ್ದು ಎಪ್ಪತ್ತಕ್ಕೂ ಹೆಚ್ಚು. ಮಾರ್ಚಿಯಲ್ಲಿ ಕಾಫಿ ಹೂ ಬಿಡಿಸುವ ಹೂಮಳೆಯಾಗಿ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿದಾಗ, ಕಾವಲಿನ ಕೆಲಸವಿಲ್ಲದಿದ್ದರೂ ಹೆಂಡತಿಯೇ ಹೊದಿಕೆ ಹಿಡಿದು ಏಣಿ ಹತ್ತುತ್ತಾಳೆ. ನಾಲ್ಕೂ ಕಿಟಕಿ ತೆರೆದು ಆ ವಾಸನೆಯಲ್ಲಿ ಮಲಗಿದ ರಾತ್ರಿಗಳಿಗೆ ನಾನು ಬೆಲೆ ಕಟ್ಟಲಾರೆ. ಕವರಿನ ಜಿಪ್ಪಿನ ರನ್ನರ್ ಒಮ್ಮೆ ಸವೆದಿತ್ತು, ವಿರಾಜಪೇಟೆಯಲ್ಲಿ ಬ್ಯಾಗು ಹೊಲಿಯುವವರು 150 ರೂಪಾಯಿಗೆ ಹೊಸತು ಹಾಕಿಕೊಟ್ಟರು. ಜಿಪ್ಪಿಗೆ ತಿಂಗಳಿಗೊಮ್ಮೆ ಮೇಣದ ಬತ್ತಿ ಉಜ್ಜಿದರೆ ಅದು ಬೇಗ ಸವೆಯುವುದಿಲ್ಲ ಎಂದು ಹೇಳಿದವರೂ ಅವರೇ.

ಈ ವಾರ ಮಳೆ ಬಿಟ್ಟು ಬಿಸಿಲು ಬಂದಿದೆ. ಅಟ್ಟಣೆಯಿಂದ ಇಳಿಸಿದ ಟೆಂಟು ಖಾಲಿ ಕಣದ ನಡುವೆ ಬಿಚ್ಚಿಕೊಂಡು ನಿಂತಿದೆ, ನಾರಿನ ಚಾಪೆ ಬೇಲಿಯ ಮೇಲಿದೆ. ಸಂಜೆ ಹಾಸಿಗೆಯ ತಳಕ್ಕೆ ಕೈಯಿಟ್ಟು ನೋಡುತ್ತೇನೆ, ಇನ್ನೂ ತಣ್ಣಗಿದ್ದರೆ ನಾಳೆಯೂ ಬಿಸಿಲಿಗೆ.