ಹಳೇ ಬಂದೂಕನ್ನು ಪಾಲಿಶ್ ಮಾಡುವವರ ಕೈಗೆ ಕೊಡಬೇಡಿ

ಅಜ್ಜನ ಕಾಲದ ಬಂದೂಕು ಮನೆಯಲ್ಲಿ ಇರುವವರು ದಯವಿಟ್ಟು ಇದನ್ನು ಓದಿ. ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿ ನಮ್ಮ ಬಂದೂಕನ್ನು ಹಾಳು ಮಾಡಿದ್ದಲ್ಲದೆ 9,000 ರೂಪಾಯಿನೂ ತಗೊಂಡಿದೆ.

ನಮ್ಮದು ಹಾವೇರಿ ಕಡೆ ಹಳ್ಳಿ. ಬಂದೂಕು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ 12 ಬೋರ್ ಜೋಡುನಳಿಗೆ. ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಸಲಾಕೆಗೆ ಸುತ್ತಿ, ಕಾಸಿ ಬಡಿದು ಮಾಡಿದ್ದು. ಮೈತುಂಬ ಕಂದು ಬಣ್ಣದ ಸುರುಳಿ ಸುರುಳಿ ನಕ್ಷೆ. ಅದು ಬಳಿದ ಬಣ್ಣ ಅಲ್ಲ. ಸಣ್ಣಗೆ ತುಕ್ಕು ಹಿಡಿಸಿ, ಉಜ್ಜಿ, ಮತ್ತೆ ಹಿಡಿಸಿ ತಂದದ್ದು. ಅಜ್ಜ, ಅಪ್ಪ ಇಬ್ಬರೂ ಎಣ್ಣೆ ಬಟ್ಟೆ ಬಿಟ್ಟು ಬೇರೇನೂ ತಾಗಿಸಿರಲಿಲ್ಲ. ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡುವಾಗಲೂ ಅಪ್ಪ ದಪ್ಪ ಬಟ್ಟೆ ಸುತ್ತಿ ಒಯ್ಯುತ್ತಿದ್ದರು.

ಎಡಗಡೆ ಕುದುರೆಯ (ತೋಟಾ ಸಿಡಿಸುವ ಸುತ್ತಿಗೆಯ) ಸ್ಪ್ರಿಂಗ್ ಸಡಿಲಾಗಿತ್ತು. ಅಷ್ಟೇ. "ಸ್ಪ್ರಿಂಗ್ ಮಾತ್ರ ನೋಡ್ರಿ, ಬೇರೆ ಏನೂ ಮುಟ್ಟಬೇಡ್ರಿ" ಅಂತ ಒತ್ತಿ ಒತ್ತಿ ಹೇಳಿದ್ದೆ.

ತರಲು ಹೋದಾಗ ಬಟ್ಟೆ ಬಿಚ್ಚಿದರೆ ನಳಿಗೆ ಕನ್ನಡಿಯ ಹಾಗೆ ಕರ್ರಗೆ ಹೊಳೀತಿತ್ತು. ನಕ್ಷೆ ಇಲ್ಲ! ಕಟ್ಟಿಗೆಯ ಮೇಲಿದ್ದ ಸಣ್ಣ ಚೌಕಳಿ ಕೆತ್ತನೆ ಉಜ್ಜಿ ಸಪಾಟು ಮಾಡಿ ವಾರ್ನಿಶ್ ಬಳಿದಿದ್ದಾರೆ. ನನಗೆ ಮಾತೇ ಹೊರಡಲಿಲ್ಲ. ಅವರು ಹೇಳಿದ್ದು ಕೇಳಿ: "ಹೊಸಾದು ಮಾಡಿ ಕೊಟ್ಟೀನ್ರಿ ಸಾವಕಾರ್ರ, ಖುಷಿ ಪಡಬೇಕ್ರಿ ನೀವು."

ನಳಿಗೆ ಬಿಚ್ಚಿ, ಬೆರಳಿಗೆ ತೂಗು ಹಾಕಿ ತಟ್ಟಿ ನೋಡಿದೆ. ಮೊದಲು ಠಣ್ ಅಂತಿತ್ತು. ಈಗ ಗರ್ ಅನ್ನುತ್ತದೆ. ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ತವರದ ಬೆಸುಗೆಯಿಂದ ಕೂಡಿಸಿರುತ್ತಾರೆ. ಕಾಸ್ಟಿಕ್ ಸೋಡಾದ ನೀರಲ್ಲಿ ಕುದಿಸಿ ಕರಿ ಬಣ್ಣ ಏರಿಸಿದರೆ ಆ ಬೆಸುಗೆಯನ್ನೇ ಅದು ತಿಂದು ಹಾಕುತ್ತದೆ. ಪಟ್ಟಿ ಸಡಿಲಾದರೆ ಸದ್ದು ಹೀಗೇ ಆಗುತ್ತದೆ. ಇದನ್ನು ಹೇಳಿದರೆ ಅವರ ಉತ್ತರ: "ಸಪ್ಪಳಾ ಕೇಳಾಕ ಅದೇನ್ ತಾಳ ಏನ್ರಿ?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಅದಕ್ಕಿಂತ ದೊಡ್ಡದು ಮುದ್ರೆಗಳ ವಿಷಯ. ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದ ಪ್ರೂಫ್ ಹೌಸ್, ಅಂದರೆ ಬಂದೂಕು ಪರೀಕ್ಷೆ ಮಾಡುವ ಸಂಸ್ಥೆ, ಇದೆ. ಜಾಸ್ತಿ ಮದ್ದು ಹಾಕಿ ಹಾರಿಸಿ, ನಳಿಗೆ ತಡೆದರೆ ಮಾತ್ರ ಮುದ್ರೆ ಒತ್ತುತ್ತಾರೆ. ನಮ್ಮದರಲ್ಲಿ ಆ ಮುದ್ರೆ ಪಾಲಿಶ್ ಮಾಡುವ ಬಫಿಂಗ್ ಚಕ್ರಕ್ಕೆ ಸವೆದು ಹೋಗಿದೆ. ನಳಿಗೆಯೂ ತೆಳ್ಳಗಾಗಿದೆ. ಇನ್ನು ಅದರಲ್ಲಿ ತೋಟಾ ಹಾರಿಸುವ ಮಾತೇ ಇಲ್ಲ. ನಂಬರ್ ಕೂಡ ಅರ್ಧ ಅಳಿಸಿದೆ. ಲೈಸೆನ್ಸ್‌ನಲ್ಲಿರುವುದು ಆ ನಂಬರೇ ಅಲ್ವಾ? ಬಂದೂಕಿನ ನಂಬರ್ ಅಳಿಸುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ. ಅದಕ್ಕೂ ಉತ್ತರ ಸಿದ್ಧ ಇತ್ತು: "ಅದನ್ನ ಯಾರ್ ನೋಡ್ತಾರ್ರಿ? ಬ್ಯಾಡಾದ್ರ ನನಗ ಕೊಟ್ಟಬಿಡ್ರಿ, ಏನರ ನೋಡಿ ಕೊಡೋಣು." ಹಾಳು ಮಾಡಿದವರೇ ಕಡಿಮೆ ರೇಟಿಗೆ ಕೇಳುತ್ತಾರೆ!

ಮಹಾನವಮಿ ಪೂಜೆಗೆ ಇಟ್ಟಾಗ ಕಾಕಾ ನೋಡಿ, "ಇದು ಯಾರದೋ ತಮ್ಮಾ? ನಮ್ಮದೆಲ್ಲೈತಿ?" ಅಂದರು. ಬಂದ ಬೀಗರೆಲ್ಲರ ಎದುರಿಗೆ. ತಲೆ ಎತ್ತಲಾಗಲಿಲ್ಲ.

ಹಳೇ ಬಂದೂಕಿನ ಬೆಲೆ ಇರುವುದೇ ಅದರ ಮೂಲ ಬಣ್ಣದಲ್ಲಿ, ಮೂಲ ಕಟ್ಟಿಗೆಯಲ್ಲಿ. ಒಮ್ಮೆ ಉಜ್ಜಿದರೆ ಮುಗೀತು. ಕೊಡುವ ಮೊದಲು ನಂಬರ್, ಮುದ್ರೆ, ನಕ್ಷೆ ಎಲ್ಲದರ ಫೋಟೋ ತೆಗೆದುಕೊಳ್ಳಿ. ಏನು ಮಾಡಬೇಕು, ಏನು ಮಾಡಬಾರದು ಅಂತ ರಸೀದಿಯ ಮೇಲೆ ಬರೆಸಿ ಸಹಿ ಹಾಕಿಸಿ. "ಪಾಲಿಶ್" ಅನ್ನೋ ಮಾತು ಅಂಗಡಿಯವರ ಬಾಯಲ್ಲಿ ಬಂದರೆ ಅಲ್ಲಿಂದಲೇ ಮನೆಗೆ ವಾಪಸ್ ಒಯ್ಯಿರಿ. ನಾನು ಅಳಿಸಿದ ನಂಬರಿನ ಬಗ್ಗೆ ಅರ್ಜಿ ಬರೆದು ಕೊಡುತ್ತಿದ್ದೇನೆ. ಆ ಅಂಗಡಿಯ ರಸೀದಿನೂ ಜೊತೆಗೆ ಲಗತ್ತಿಸುತ್ತೇನೆ.